ಮೆರಿಲಿನ್: ಒಂದೇ ಹೆಸರೊಳಗೆ ಅಮ್ಮ, ಮಗಳು ಇಬ್ಬರೂ

ಮೆರಿಲಿನ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಮುಖ. ಹೊಂಬಣ್ಣದ ಕೂದಲು, ಅರ್ಧ ಮುಚ್ಚಿದ ಕಣ್ಣು, ಕೆನ್ನೆ ಮೇಲಿನ ಮಚ್ಚೆ. ಆದರೆ ಆ ಹೆಸರು ಮೊದಲು ಆ ಮುಖದ್ದಾಗಿರಲಿಲ್ಲ. ಮೆರಿಲಿನ್ ಮನ್ರೋ ಹುಟ್ಟಿದ್ದು 1926ರ ಜೂನ್ 1ರಂದು, ಲಾಸ್ ಏಂಜಲಿಸ್‌ನಲ್ಲಿ. ಆಗ ಇಟ್ಟ ಹೆಸರು ನಾರ್ಮಾ ಜೀನ್. 'ಮೆರಿಲಿನ್' ಸಿಕ್ಕಿದ್ದು 1946ರಲ್ಲಿ, 20ನೇ ವಯಸ್ಸಿಗೆ, ಸಿನಿಮಾ ಕಂಪನಿಯೊಂದು ಕೆಲಸಕ್ಕೆ ತೆಗೆದುಕೊಂಡಾಗ. ಅದಕ್ಕೂ ಮುಂಚೆ ಅದು ಇನ್ನೊಬ್ಬ ನಟಿಯ ಹೆಸರಾಗಿತ್ತು. ಆ ನಟಿಗೂ ಅದು ಹುಟ್ಟಿನಿಂದ ಬಂದಿದ್ದಲ್ಲ. ತನ್ನ ಹೆಸರು ಮೇರಿ, ಅಮ್ಮನ ಹೆಸರಿನಲ್ಲಿದ್ದ ಲಿನ್, ಇವೆರಡನ್ನೂ ಬೆಸೆದು ಆಕೆ ಅದನ್ನು ಮಾಡಿಕೊಂಡಿದ್ದಳು.

ಹೀಗೆ ಎರಡು ಹೆಸರು ಬೆಸೆದು ಮಾಡಿದ ಹೆಣ್ಣುಮಕ್ಕಳ ಹೆಸರುಗಳ ಮೇಲೆ ನನಗೆ ಬಹಳ ದಿನದ ಪ್ರೀತಿ. ಇಂಥ ಹೆಸರು ಕಿವಿಗೆ ಬಿದ್ದ ತಕ್ಷಣ ಜನ ಕೇಳುವುದು 'ಅರ್ಥ ಏನು?' ಅಂತ. ಅಲ್ಲಿಂದಲೇ ದಾರಿ ತಪ್ಪುತ್ತದೆ ಅಂತ ನನ್ನ ಅನಿಸಿಕೆ. ಬೆಸೆದ ಹೆಸರಿನ ಮುಂದೆ ಕೇಳಬೇಕಾದದ್ದು 'ಇದರೊಳಗೆ ಯಾರಿದ್ದಾರೆ?' ಅಂತ. ಯಾಕೆ ಅನ್ನೋದನ್ನು ಮೆರಿಲಿನ್ ಹೆಸರನ್ನೇ ಬಿಚ್ಚಿ ನೋಡುತ್ತಾ ಹೇಳುತ್ತೇನೆ.

ಮೊದಲು ಆ ಹಳೆಯ ನಟಿಯ ಕಥೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಇವಾನ್ಸ್‌ವಿಲ್ ಅಂತ ಒಂದು ಊರು. 1898ರ ಸೆಪ್ಟೆಂಬರ್ 1ರಂದು ಅಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅಪ್ಪ ಎಡ್ವಿನ್ ರೆನಾಲ್ಡ್ಸ್, ಟೆಲಿಫೋನ್ ತಂತಿ ಎಳೆಯುವ ಕೆಲಸದವನು. ಅಮ್ಮ ಏಡಾ ಲಿನ್. ಮಗುವಿಗೆ ಇಟ್ಟ ಹೆಸರು ಮೇರಿ ಎಲೆನ್. ಮುಂದೆ ಅಮ್ಮ ಆಸ್ಕರ್ ಕಾರೋ ಮಿಲ್ಲರ್ ಎಂಬಾತನನ್ನು ಮದುವೆಯಾದಳು. ಮನೆಮಂದಿಯೆಲ್ಲ ಸೇರಿ ವಾಡೆವಿಲ್ ತಂಡ ನಡೆಸುತ್ತಿದ್ದರು. ವಾಡೆವಿಲ್ ಅಂದರೆ ಹಾಡು, ಕುಣಿತ, ನಗೆ, ಕಸರತ್ತು ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ತೋರಿಸುವ ಆಟ. ಮೇರಿ ಎಲೆನ್ 4 ವರ್ಷಕ್ಕೇ ವೇದಿಕೆ ಹತ್ತಿದಳು. ಮಲತಂದೆ, ಅಮ್ಮ, ಇಬ್ಬರು ಅಕ್ಕಂದಿರ ಜೊತೆ ಸುಮಾರು 10 ವರ್ಷ ಊರೂರು ಸುತ್ತಿದಳು. 1914ರಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಕುಣಿಯುತ್ತಿದ್ದಾಗ ನ್ಯೂಯಾರ್ಕಿನ ನಾಟಕ ನಿರ್ಮಾಪಕ ಲೀ ಶುಬರ್ಟ್ ಆಕೆಯನ್ನು ನೋಡಿದ. ನ್ಯೂಯಾರ್ಕಿನ ನಾಟಕ ಲೋಕವಾದ ಬ್ರಾಡ್‌ವೇ ಬಾಗಿಲು ತೆರೆದದ್ದು ಹಾಗೆ.

ಆಕೆಯ ವೇದಿಕೆಯ ಹೆಸರು ಮೆರಿಲಿನ್ ಮಿಲ್ಲರ್. ಮೇರಿ ತನ್ನದು, ಲಿನ್ ಅಮ್ಮನದು, ಮಿಲ್ಲರ್ ಮಲತಂದೆಯದು. ಮೊದಮೊದಲು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎರಡು 'ಎನ್' ಇದ್ದವು, ಅಮ್ಮನ ಹೆಸರಲ್ಲಿ ಇದ್ದ ಹಾಗೆಯೇ. ಆಮೇಲೆ ನಿರ್ಮಾಪಕ ಫ್ಲೊರೆನ್ಜ್ ಝೀಗ್‌ಫೆಲ್ಡ್ ಒತ್ತಾಯ ಮಾಡಿದ್ದಕ್ಕೆ ಒಂದು 'ಎನ್' ಬಿಟ್ಟಳು. ಈಗ ನಾವು ಬರೆಯುವ ಸ್ಪೆಲ್ಲಿಂಗ್ ಅದೇ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೇರಿಯ ಕೊನೆಯ 'ವೈ' ಹೋಗಿ 'ಐ' ಬಂದಿದೆ. ಲಿನ್‌ನ ಒಂದು 'ಎನ್' ಬಿದ್ದುಹೋಗಿದೆ. ಲಿನ್‌ನ 'ವೈ' ಮಾತ್ರ ಇದ್ದಲ್ಲೇ ಉಳಿದಿದೆ. ಮಗಳು ಒಂದು ಅಕ್ಷರ ಬಿಟ್ಟುಕೊಟ್ಟಳು, ಅಮ್ಮನೂ ಒಂದು ಅಕ್ಷರ ಬಿಟ್ಟುಕೊಟ್ಟಳು. ಬೆಸುಗೆ ಅಂದರೆ ಇಷ್ಟೇ, ಎರಡೂ ಕಡೆ ಸ್ವಲ್ಪ ಸವೆಯಬೇಕು.

1920ರಲ್ಲಿ ಶುರುವಾದ 'ಸ್ಯಾಲಿ' ಎಂಬ ಸಂಗೀತ ನಾಟಕ ಬ್ರಾಡ್‌ವೇನಲ್ಲಿ 570 ಪ್ರದರ್ಶನ ಕಂಡಿತು. ಮೆರಿಲಿನ್ ಮಿಲ್ಲರ್ ಆ ಕಾಲದ ಬಹಳ ದೊಡ್ಡ ತಾರೆಯಾದಳು. ಅಲ್ಲಿಯವರೆಗೆ ಅಪರೂಪವಾಗಿದ್ದ ಹೆಸರು ತೊಟ್ಟಿಲಿಂದ ತೊಟ್ಟಿಲಿಗೆ ಹಬ್ಬತೊಡಗಿತು. 1930ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆ ಇಡುವ ತುಂಬಾ ಸಾಮಾನ್ಯ ಹೆಸರುಗಳಲ್ಲಿ ಅದೂ ಒಂದು. ಮೆರಿಲಿನ್ ಹೆಸರನ್ನು ಜನಪ್ರಿಯ ಮಾಡಿದ್ದು ಮನ್ರೋ ಅಂತ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಹೆಸರು ಹಬ್ಬುತ್ತಿದ್ದ ಆ ಹೊತ್ತಿನಲ್ಲಿ ಮನ್ರೋ ಇನ್ನೂ ಶಾಲೆಗೆ ಹೋಗುವ ನಾರ್ಮಾ ಜೀನ್.

ಮೇರಿಗಳ ನಡುವೆ ಇನ್ನೊಬ್ಬ ಮೇರಿ

ಅಷ್ಟು ಬೇಗ ಯಾಕೆ ಹಬ್ಬಿತು? ನಟಿಯ ಜನಪ್ರಿಯತೆ ಒಂದು ಕಾರಣ, ಸರಿ. ಆದರೆ ಜನಪ್ರಿಯ ನಟಿಯರ ಹೆಸರೆಲ್ಲ ಹೀಗೆ ಹಬ್ಬುವುದಿಲ್ಲ. ದೊಡ್ಡ ಕಾರಣ ಮೇರಿಯೇ.

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚಿನ ಮಕ್ಕಳ ಹೆಸರುಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಹೆಸರುಗಳಲ್ಲಿ ಆಸಕ್ತಿ ಇರುವವರಿಗೆ ಅದೊಂದು ನಿಧಿ. 1880ರಲ್ಲಿ ಹುಟ್ಟಿದವರ ಲೆಕ್ಕದಲ್ಲಿ ಮೇರಿಗಳು 7,065. ಎರಡನೇ ಸ್ಥಾನದ ಆನಾ 2,604. ಅಂದರೆ ಎರಡನೆಯದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಅಲ್ಲಿಂದ ಶುರುವಾಗಿ 1946ರವರೆಗೆ ಒಂದು ವರ್ಷವೂ ತಪ್ಪದೆ ಮೇರಿಯೇ ಮೊದಲು. 1947ರಲ್ಲಿ ಲಿಂಡಾ ಮುಂದೆ ಹೋಯಿತು, 6 ವರ್ಷ ಅಲ್ಲೇ ಇತ್ತು, 1953ರಲ್ಲಿ ಮೇರಿ ಮತ್ತೆ ಮೇಲೆ ಬಂದು 1961ರವರೆಗೆ ಕೂತಿತು.

ಈಗ ಆ ಕಾಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ ಮೇರಿ, ದೊಡ್ಡಮ್ಮ ಮೇರಿ, ಪಕ್ಕದ ಮನೆಯಲ್ಲಿ ಇಬ್ಬರು ಮೇರಿ, ತರಗತಿಯಲ್ಲಿ ಟೀಚರ್ 'ಮೇರಿ' ಅಂದರೆ ನಾಲ್ಕು ಹುಡುಗಿಯರು ಎದ್ದು ನಿಲ್ಲುತ್ತಾರೆ. ಮಗಳಿಗೆ ಮೇರಿ ಅಂತ ಇಡಲು ಮನಸ್ಸಿದೆ, ಯಾಕೆಂದರೆ ಅದು ಏಸುವಿನ ತಾಯಿಯ ಹೆಸರು, ಅಜ್ಜಿಯ ಹೆಸರೂ ಹೌದು. ಆದರೆ ಕರೆದರೆ ಇವಳೊಬ್ಬಳೇ ತಿರುಗಿ ನೋಡುವಂಥ ಹೆಸರೂ ಬೇಕು. ಮೇರಿಯನ್ನು ಬಿಡುವಂತಿಲ್ಲ, ಬರಿಯ ಮೇರಿ ಸಾಲದು. ಈ ಇಕ್ಕಟ್ಟಿಗೆ ಮೆರಿಲಿನ್ ಹೇಳಿ ಮಾಡಿಸಿದ ಹಾಗೆ ಬಂತು. ಅದರೊಳಗೆ ಮೇರಿ ಪೂರ್ತಿ ಕೇಳಿಸುತ್ತಾಳೆ. ಆದರೂ ಹೆಸರು ಹೊಸದು.

ಹೆಚ್ಚಿನ ಬೆಸೆದ ಹೆಸರುಗಳು ಹುಟ್ಟುವುದು ಇಂಥ ಕಡೆಯೇ. ಇರುವ ಹೆಸರು ತೀರಾ ಸವೆದಿದೆ, ಅದರ ಮೇಲಿನ ಪ್ರೀತಿ ಮಾತ್ರ ಸವೆದಿಲ್ಲ. ಸ್ಪೇನಿನಲ್ಲೂ ಇದೇ ಆಯಿತು. ಅಲ್ಲಿ ಮೇರಿ ಅಂದರೆ ಮರೀಯಾ, ಅದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ಹೆಚ್ಚಾಗಿ ಇನ್ನೊಂದು ಹೆಸರು ಜೊತೆಗೂಡುತ್ತದೆ. ಮರೀಯಾ ಇಸಾಬೆಲ್ ಬಾಯಲ್ಲಿ ಉರುಳಿ ಮರಿಬೆಲ್ ಆಯಿತು. ಮರೀಯಾ ದೆ ಲಾ ಸೊಲೆದಾದ್, ಅಂದರೆ ಒಂಟಿತನದ ಮಾತೆ ಮರಿಯಾ, ಮರಿಸೋಲ್ ಆಯಿತು. ಸ್ಪ್ಯಾನಿಷಿನಲ್ಲಿ 'ಮಾರ್' ಅಂದರೆ ಕಡಲು, 'ಸೋಲ್' ಅಂದರೆ ಸೂರ್ಯ. ಹಾಗಾಗಿ ಇವತ್ತು ಮರಿಸೋಲ್ ಅಂದರೆ ಕಿವಿಗೆ ಕಡಲು ಮತ್ತು ಬಿಸಿಲು ಕೇಳಿಸುತ್ತದೆ. ಒಂಟಿತನದಿಂದ ಹೊರಟ ಹೆಸರು ಬಿಸಿಲಿಗೆ ಬಂದು ನಿಂತಿದೆ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ ಅದು.

ಲಿನ್ ಎಲ್ಲಿಂದ ಬಂತು

ಇನ್ನು ಬಾಲದ ಕಡೆ ಬರೋಣ. ವೆಲ್ಷ್ ಭಾಷೆಯಲ್ಲಿ ಕೆರೆಗೆ, ಸರೋವರಕ್ಕೆ 'ಲಿನ್' ಅನ್ನುವಂಥ ಪದ ಇದೆ. ಐರಿಷಿನಲ್ಲಿ ಅದರ ಬಂಧುವಾದ 'ಲಿನ್' ಅಂದರೆ ನೀರಿನ ಮಡು. ಡಬ್ಲಿನ್ ಊರಿನ ಹೆಸರು ಹುಟ್ಟಿದ್ದು 'ಕಪ್ಪು ಮಡು' ಅನ್ನುವ ಮಾತಿನಿಂದ. ಇದು ಬೇರಿನ ಮಾತಾಯಿತು. ಹೆಣ್ಣುಮಕ್ಕಳ ಹೆಸರಾಗಿ ಲಿನ್ ಬಂದದ್ದು ಸ್ವಲ್ಪ ಮನೆತನದ ಹೆಸರುಗಳಿಂದ, ಸ್ವಲ್ಪ ಲಿಂಡಾದಂಥ ಹೆಸರುಗಳನ್ನು ಮೊಟಕು ಮಾಡಿದ್ದರಿಂದ.

ಕುತೂಹಲದ ವಿಷಯ ಬೇರೆ ಇದೆ. ಕೊನೆಗೆ 'ಲಿನ್' ಬರುವ ಇಂಗ್ಲಿಷ್ ಹೆಸರುಗಳನ್ನು ಒಂದು ಕಡೆ ಇಟ್ಟು ನೋಡಿದರೆ ಎಲ್ಲವೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಎವೆಲಿನ್, ಕ್ಯಾರೊಲಿನ್, ಗ್ವೆಂಡೊಲಿನ್, ಜಾಸ್ಲಿನ್, ಮ್ಯಾಡಲಿನ್, ಕೇಟ್ಲಿನ್. ಇವುಗಳಲ್ಲಿ ಒಂದೂ ಮೂಲದಲ್ಲಿ 'ಏನೋ ಒಂದು + ಲಿನ್' ಅಲ್ಲ. ಎವೆಲಿನ್ ಬಂದದ್ದು ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದ ಅವೆಲಿನ್ ಎಂಬ ಹೆಸರಿನಿಂದ, ಮನೆತನದ ಹೆಸರಾಗಿ ತಿರುಗಿ ಒಂದು ಕಾಲಕ್ಕೆ ಗಂಡಸರ ಹೆಸರೂ ಆಗಿತ್ತು. (ಲೇಖಕ ಎವೆಲಿನ್ ವಾ ಗಂಡಸು. ಆತನ ಮೊದಲ ಹೆಂಡತಿಯ ಹೆಸರೂ ಎವೆಲಿನ್. ಗೆಳೆಯರು ಅವರನ್ನು 'ಗಂಡು ಎವೆಲಿನ್', 'ಹೆಣ್ಣು ಎವೆಲಿನ್' ಅಂತ ಬೇರೆ ಮಾಡಿ ಕರೆಯಬೇಕಾಯಿತು.) ಜಾಸ್ಲಿನ್ ಕೂಡ ಹಿಂದೆ ಗಂಡಸರ ಹೆಸರೇ. ಮ್ಯಾಡಲಿನ್ ಅಂದರೆ ಮಗ್ದಲೇನಾ. ಗ್ವೆಂಡೊಲಿನ್ ವೇಲ್ಸಿನದು, ಅಲ್ಲಿ 'ಗ್ವೆನ್' ಅಂದರೆ ಬಿಳುಪು. ಕ್ಯಾರೊಲಿನ್ ಅಂದರೆ ಕ್ಯಾರೊಲಿನಾದ ಇನ್ನೊಂದು ರೂಪ, ಅಷ್ಟೇ.

ಕೇಟ್ಲಿನ್ ಕಥೆ ಇನ್ನೂ ಚೆನ್ನ. ಅದು ಐರಿಷ್ ಹೆಸರು, ಕ್ಯಾಥರೀನ್ ಅನ್ನುವುದರ ಐರಿಷ್ ರೂಪ. ಐರ್ಲೆಂಡಿನಲ್ಲಿ ಅದರ ಉಚ್ಚಾರ ಕ್ಯಾಥ್ಲೀನ್ ಹತ್ತಿರಕ್ಕೆ ಬರುತ್ತದೆ. ಅಮೆರಿಕದವರು ಅದನ್ನು ಪುಸ್ತಕದಲ್ಲಿ ನೋಡಿ ಇಂಗ್ಲಿಷ್ ಓದುವ ಹಾಗೆಯೇ ಓದಿದರು. 'ಕೇಟ್' ಕಂಡಿತು, 'ಲಿನ್' ಕಂಡಿತು. ಕೇಟ್ಲಿನ್ ಆಯಿತು. ಇಲ್ಲದ ಬೆಸುಗೆಯನ್ನು ಕಣ್ಣು ತಾನೇ ಹಾಕಿಕೊಂಡಿತು.

ಹೀಗೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಭಾಷೆಗಳಿಂದ ಬಂದ ಹೆಸರುಗಳು ಕೊನೆಗೆ ಒಂದೇ ಸದ್ದಿನಲ್ಲಿ ಮುಗಿದಿದ್ದರಿಂದ, ಆ ಸದ್ದೇ ಹೆಣ್ಣುಮಕ್ಕಳ ಹೆಸರಿನ ಗುರುತು ಅನ್ನಿಸಿಬಿಟ್ಟಿತು. ಕನ್ನಡದಲ್ಲಿ 'ಗಾರ', 'ಗಾರ್ತಿ' ಹೇಗೆ ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳುತ್ತವೋ ಹಾಗೆ ಇಂಗ್ಲಿಷಿನಲ್ಲಿ 'ಲಿನ್' ಕೂಡ ಅಂಟುವ ತುಂಡಾಯಿತು. ಈಗ ಎಮ್ಮಾಲಿನ್, ರೇಲಿನ್, ಆಡಲಿನ್ ಎಲ್ಲ ಸಲೀಸಾಗಿ ಹುಟ್ಟುತ್ತವೆ. ಮೆರಿಲಿನ್ ಈ ದಾರಿಯಲ್ಲಿ ಮೊದಲೇ ನಡೆದ ಹೆಸರು. ವ್ಯತ್ಯಾಸ ಏನೆಂದರೆ ಮೆರಿಲಿನ್ ಮಿಲ್ಲರ್ ಪಾಲಿಗೆ ಲಿನ್ ಬರಿಯ ಬಾಲ ಆಗಿರಲಿಲ್ಲ. ಅದು ಜೊತೆಗೆ ವೇದಿಕೆ ಹತ್ತುತ್ತಿದ್ದ ಅಮ್ಮ.

ಈಗ 'ಅರ್ಥ ಏನು' ಅನ್ನುವ ಪ್ರಶ್ನೆಗೆ ಬರುತ್ತೇನೆ. ಮೇರಿಯ ಮೂಲ ಹೀಬ್ರೂವಿನ ಮಿರ್ಯಾಮ್. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಕೆಲವರು 'ಕಹಿ' ಅಂದರು, ಕೆಲವರು 'ಎದುರು ನಿಲ್ಲುವವಳು' ಅಂದರು, ಇನ್ನು ಕೆಲವರು ಈಜಿಪ್ಟಿನ ಹಳೆಯ ಭಾಷೆಯ 'ಪ್ರೀತಿಯವಳು' ಅನ್ನುವ ಪದಕ್ಕೆ ಜೋಡಿಸಿದರು. ಅದಕ್ಕೆ ಲಿನ್ ಕೂಡಿಸಿದರೆ 'ಕಹಿ ಸರೋವರ' ಅಂತಾಗುತ್ತದೆ, ಇಲ್ಲವೇ 'ಪ್ರೀತಿಯ ಕೆರೆ'. ಎರಡಕ್ಕೂ ತಲೆಬುಡ ಇಲ್ಲ. ತನ್ನ ಹೆಸರಿನ ಜೊತೆ ಅಮ್ಮನ ಹೆಸರನ್ನು ಸೇರಿಸಿಕೊಂಡವಳು ಕೆರೆಯ ಬಗ್ಗೆ ಯೋಚಿಸುತ್ತಿರಲಿಲ್ಲ, ಅಲ್ವಾ? ಬೆಸೆದ ಹೆಸರಲ್ಲಿ ಕೂಡಿದ್ದು ಜನ. ಪದಗಳ ಅರ್ಥ ಕೂಡಿಸಲು ಹೋದರೆ ಜನ ಕೈ ಬಿಟ್ಟುಹೋಗುತ್ತಾರೆ.

ಬೆಸುಗೆ ಹೇಗೆ ಹಾಕುತ್ತಾರೆ

ಸಂಧಿ, ಸಮಾಸ ಓದಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಳೆ, ಕಾಲ ಸೇರಿದರೆ ಮಳೆಗಾಲ. ಎರಡೂ ಪದ ಹೆಚ್ಚು ಕಡಿಮೆ ಪೂರ್ತಿ ಉಳಿದವು, ನಾಲಿಗೆಗೆ ಸಲೀಸಾಗಲಿ ಅಂತ 'ಕ' ಹೋಗಿ 'ಗ' ಬಂತು. ಹೆಸರುಗಳಲ್ಲಿ ಆನಾಮರಿಯಾ ಇಂಥದ್ದು. ಆನಾ ಪೂರ್ತಿ ಇದ್ದಾಳೆ, ಮರಿಯಾ ಪೂರ್ತಿ ಇದ್ದಾಳೆ. ಇದನ್ನು ಜೋಡಣೆ ಅನ್ನಬಹುದು.

ಬೆಸುಗೆಯಲ್ಲಿ ಕತ್ತರಿ ಆಡುತ್ತದೆ. ಸಾಮಾನ್ಯವಾಗಿ ಮೊದಲ ಹೆಸರಿನ ತಲೆ, ಎರಡನೇ ಹೆಸರಿನ ಬಾಲ. ಇದಕ್ಕೆ ಒಳ್ಳೆಯ ಉದಾಹರಣೆ ಸಿನಿಮಾ ನಟಿ ಮಾರ್ಲೆನ ಡೀಟ್ರಿಚ್. ಬರ್ಲಿನ್ನಿನ ಶೋನೆಬರ್ಗ್‌ನಲ್ಲಿ 1901ರ ಡಿಸೆಂಬರ್ 27ರಂದು ಹುಟ್ಟಿದ ಆಕೆಯ ನಿಜವಾದ ಹೆಸರು ಮರೀ ಮಗ್ದಲೇನ. ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ ತನ್ನವೇ ಎರಡು ಹೆಸರನ್ನು ತಾನೇ ಕತ್ತರಿಸಿ ಬೆಸೆದು ಮಾರ್ಲೆನ ಅಂತ ಮಾಡಿಕೊಂಡಳು. ಮರೀಯಿಂದ 'ಮಾರ್', ಮಗ್ದಲೇನದಿಂದ 'ಲೆನ'. ನಡುವೆ ಇದ್ದ 'ಮಗ್ದ' ಎಂಬ ಗಟ್ಟಿ ಗಂಟು ಮಾಯ. ಆ ವಯಸ್ಸಿನ ಹುಡುಗಿಗೆ ಅಷ್ಟು ಒಳ್ಳೆಯ ಕಿವಿ ಇತ್ತು ಅಂತ ನೆನೆದರೆ ಖುಷಿಯಾಗುತ್ತದೆ.

ಎರಡು ತಲೆಗಳನ್ನೇ ಸೇರಿಸುವುದೂ ಉಂಟು. ವನೆಸ್ಸಾ ಅಂಥ ಹೆಸರು. ಅದನ್ನು ಮಾಡಿದ್ದು ಬರಹಗಾರ ಜೊನಾಥನ್ ಸ್ವಿಫ್ಟ್. ಎಸ್ತರ್ ವನಮ್ರಿ ಎಂಬ ಗೆಳತಿಯ ಮನೆತನದ ಹೆಸರಿನಿಂದ 'ವನ್' ತೆಗೆದುಕೊಂಡ, ಎಸ್ತರ್ ಅನ್ನುವುದನ್ನು ಮುದ್ದಿನಿಂದ 'ಎಸ್ಸಾ' ಮಾಡಿಕೊಂಡ. ಅವಳ ಬಗ್ಗೆ ಬರೆದ ಕವಿತೆಯಲ್ಲಿ ಈ ಹೆಸರಿಟ್ಟ. ಅವಳು 1723ರಲ್ಲಿ ತೀರಿಕೊಂಡಳು, ಕವಿತೆ ಅಚ್ಚಾದದ್ದು 1726ರಲ್ಲಿ. ಒಬ್ಬಳನ್ನು ಗುಟ್ಟಾಗಿ ಕರೆಯಲು ಮಾಡಿದ ಹೆಸರು ಅವಳು ಹೋದ ಮೇಲೆ ಲೋಕದ ಹೆಣ್ಣುಮಕ್ಕಳದ್ದಾಯಿತು. 1807ರಲ್ಲಿ ಜೀವವಿಜ್ಞಾನಿ ಫ್ಯಾಬ್ರಿಸಿಯಸ್ ಒಂದು ಚಿಟ್ಟೆಗಳ ಕುಲಕ್ಕೇ ವನೆಸ್ಸಾ ಅಂತ ಹೆಸರಿಟ್ಟ. ಹಾಗಾಗಿ ಇವತ್ತು ಎಸ್ತರ್‌ಳ ಅರ್ಧ ಹೆಸರು ಚಿಟ್ಟೆಯ ರೆಕ್ಕೆ ಮೇಲೂ ಹಾರುತ್ತಿದೆ.

ಮೆರಿಲಿನ್‌ನಲ್ಲಿ ಆದದ್ದು ಇವೆರಡಕ್ಕಿಂತ ನವಿರಾದ ಕೆಲಸ. ಕತ್ತರಿ ಆಡಿದಂತೆಯೇ ಕಾಣುವುದಿಲ್ಲ. ಆದರೂ ಒಂದು ಬದಲಾವಣೆ ಆಗಿದೆ, ಅದು ಇಂಗ್ಲಿಷಿಗಿಂತ ಕನ್ನಡ ಲಿಪಿಯಲ್ಲೇ ಚೆನ್ನಾಗಿ ಕಾಣುತ್ತದೆ. ಮೇರಿಯಲ್ಲಿ ಇರುವುದು ದೀರ್ಘ. ಮೆರಿಲಿನ್‌ನಲ್ಲಿ ಅದು ಹ್ರಸ್ವ. ಪದ ಉದ್ದವಾದಾಗ ಇಂಗ್ಲಿಷಿನಲ್ಲಿ ಮೊದಲ ಸ್ವರ ಹೀಗೆ ಚಿಕ್ಕದಾಗುವುದು ಹಳೆಯ ಅಭ್ಯಾಸ. 'ಹೋಲಿ' ಮತ್ತು 'ಡೇ' ಸೇರಿ 'ಹಾಲಿಡೇ' ಆದಾಗ ಹೋಲಿಯ 'ಹೋ' ಉಳಿಯಲಿಲ್ಲ ನೋಡಿ. ಹಾಲಿಡೇ ಅನ್ನುವಾಗ ಅದು ಪವಿತ್ರ ದಿನ ಅಂತ ಯಾರಿಗೂ ಹೊಳೆಯುವುದಿಲ್ಲ. ಮೆರಿಲಿನ್ ಕೂಡ ಹಾಗೆಯೇ. ಸ್ವರ ಚಿಕ್ಕದಾದ ಆ ಗಳಿಗೆಯಲ್ಲೇ ಅದು 'ಮೇರಿ, ಲಿನ್' ಅನ್ನುವ ಎರಡು ಹೆಸರಾಗಿ ಉಳಿಯದೆ ಒಂದು ಹೆಸರಾಯಿತು. ಮೇರಿ ಲಿನ್ ಅಂತ ಬಿಡಿಸಿ ಹೇಳಿದರೆ ಎರಡು ಕಡೆ ಒತ್ತು ಬೀಳುತ್ತದೆ. ಮೆರಿಲಿನ್ ಅಂದರೆ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದು, ಉಳಿದದ್ದು ಇಳಿಜಾರಿನಲ್ಲಿ ಜಾರಿದ ಹಾಗೆ ಜಾರಿಹೋಗುತ್ತದೆ.

ಕನ್ನಡದಲ್ಲಿ ನಾವು ಕೆಲವರು ಮೆರಿಲಿನ್ ಅಂತ ಬರೆಯುತ್ತೇವೆ, ಕೆಲವರು ಮರ್ಲಿನ್ ಅಂತ. ಮರ್ಲಿನ್ ಬರೆದರೆ ತಪ್ಪೇನಿಲ್ಲ, ಆದರೆ ನಡುವಿನ 'ರಿ' ಹೋದರೆ ಮೇರಿ ಕಾಣೆಯಾಗುತ್ತಾಳೆ. ಅದಕ್ಕೇ ನಾನು ಮೆರಿಲಿನ್ ಪಕ್ಷ.

ಕಿವಿಗೆ ಯಾಕೆ ಹಿಡಿಸುತ್ತದೆ

ಒಂದು ಸಲ ನಿಧಾನವಾಗಿ ಬಾಯಿಬಿಟ್ಟು ಹೇಳಿ. ಮ, ರ, ಲ, ನ. ನಾಲ್ಕೇ ವ್ಯಂಜನ. ಇವುಗಳಲ್ಲಿ ಕ, ಟ, ಪ, ಬ, ಡ ಥರ ಉಸಿರನ್ನು ತಡೆದು ಆಮೇಲೆ ಸಿಡಿಸುವ ಸದ್ದು ಒಂದೂ ಇಲ್ಲ. ಮ ಮತ್ತು ನ ಮೂಗಿನಲ್ಲಿ ಹರಿಯುತ್ತವೆ, ರ ಮತ್ತು ಲ ನಾಲಿಗೆಯ ಪಕ್ಕದಲ್ಲೋ ಮೇಲೋ ಹರಿಯುತ್ತವೆ. ಗಂಟಲು ಶುರುವಿನಿಂದ ಕೊನೆವರೆಗೆ ಗುನುಗುತ್ತಲೇ ಇರುತ್ತದೆ. ಮೆರಿಲಿನ್ ಅನ್ನು ನಿಲ್ಲಿಸದೆ ಹಾಡಿಬಿಡಬಹುದು. ಜೋಗುಳದ ಪದಗಳಲ್ಲಿ ಲ, ಲಾ ಯಾಕೆ ಅಷ್ಟು ಬರುತ್ತವೋ ಅದೇ ಕಾರಣ ಇಲ್ಲೂ.

ಸದ್ದಿಗೂ ಆಕಾರಕ್ಕೂ ಮನಸ್ಸು ನಂಟು ಹಾಕುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. ಜರ್ಮನಿಯ ವೋಲ್ಫ್‌ಗಾಂಗ್ ಕೋಲರ್ ಒಂದು ಮೊನಚಾದ ಚಿತ್ರ, ಒಂದು ದುಂಡು ಚಿತ್ರ ತೋರಿಸಿ ಇದರಲ್ಲಿ 'ಮಲೂಮಾ' ಯಾವುದು, 'ಟಕೆಟೆ' ಯಾವುದು ಅಂತ ಕೇಳಿದ. ಹೆಚ್ಚಿನ ಜನ ಸುಮ್ನೆ ಯೋಚನೆ ಮಾಡದೆ ದುಂಡಗಿನದನ್ನು ಮಲೂಮಾ ಅಂದರು. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 'ಬೂಬಾ', 'ಕಿಕಿ' ಅನ್ನುವ ಪದ ಇಟ್ಟುಕೊಂಡು ಬರೆದಾಗ ಇದು ಮತ್ತೆ ಎಲ್ಲರ ಬಾಯಿಗೆ ಬಂತು. ಮಲೂಮಾ ಅನ್ನುವ ಸುಳ್ಳು ಪದದಲ್ಲಿರುವ ವ್ಯಂಜನ ಮ ಮತ್ತು ಲ. ಎರಡೂ ಮೆರಿಲಿನ್‌ನಲ್ಲಿವೆ.

ಬೆಸೆಯುವವರಿಗೆ ಇದರಿಂದ ಒಂದು ಕಿವಿಮಾತು ಸಿಗುತ್ತದೆ. ಕೂಡುವ ಜಾಗದಲ್ಲಿ ಹರಿಯುವ ಸದ್ದು ಇದ್ದರೆ ಗೆರೆ ಕಾಣುವುದಿಲ್ಲ. ಮೇರಿ ಮುಗಿಯುವುದು ಸ್ವರದಲ್ಲಿ, ಲಿನ್ ಶುರುವಾಗುವುದು 'ಲ'ದಲ್ಲಿ. ಎರಡು ಗಟ್ಟಿ ವ್ಯಂಜನ ಎದುರುಬದುರಾದರೆ ಅಲ್ಲಿ ನಾಲಿಗೆ ಎಡವುತ್ತದೆ, ಕೇಳಿದವರಿಗೆ ತೇಪೆ ಕಾಣುತ್ತದೆ. ಇನ್ನೊಂದು ತಪ್ಪು ದುರಾಸೆಯದು. ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರನ್ನೂ ಒಂದೇ ಹೆಸರಲ್ಲಿ ತುರುಕಲು ಹೋದರೆ ಯಾರೂ ಉಳಿಯುವುದಿಲ್ಲ. ಎರಡು ಸಾಕು. ಸ್ಪೆಲ್ಲಿಂಗ್ ತಲೆನೋವು ಮಾತ್ರ ತಪ್ಪಿದ್ದಲ್ಲ. ಮೆರಿಲಿನ್ ಅನ್ನೇ ಇಂಗ್ಲಿಷಿನಲ್ಲಿ ನಾಲ್ಕೈದು ಥರ ಬರೆಯುತ್ತಾರೆ, 'ಐ' ಎಲ್ಲಿ 'ವೈ' ಎಲ್ಲಿ, 'ಎನ್' ಒಂದೋ ಎರಡೋ, ಕೊನೆಗೆ 'ಇ' ಇದೆಯೋ ಇಲ್ಲವೋ. ಆ ಹೆಸರಿನವರು ಜೀವನಪೂರ್ತಿ ಅಕ್ಷರ ಬಿಡಿಸಿ ಹೇಳಬೇಕು.

ಹೊಸದಾಗಿ ಬೆಸೆದ ಹೆಸರು ಕೇಳಿದಾಗ 'ಇದೇನು, ಸುಮ್ನೆ ಕಟ್ಟಿದ ಹೆಸರು' ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಹಳತು ಅಂತ ನಾವು ನಂಬಿರುವ ಎಷ್ಟೋ ಹೆಸರು ಹೀಗೇ ಯಾರೋ ಒಂದು ದಿನ ಕಟ್ಟಿದ್ದು. ವನೆಸ್ಸಾಗೆ ಸುಮಾರು 300 ವರ್ಷ ಆಯಿತು, ಈಗ ಅದನ್ನು ಯಾರೂ ಕಟ್ಟಿದ ಹೆಸರು ಅನ್ನುವುದಿಲ್ಲ. ಉಲ್ಟಾ ಕೂಡ ನಿಜ. ರೋಸ್‌ಮೇರಿ ನೋಡಿದರೆ ರೋಸ್ ಮತ್ತು ಮೇರಿ ಬೆಸೆದ ಹಾಗಿದೆ. ಆದರೆ ಅದು ಒಂದು ಗಿಡದ ಹೆಸರು, ಲ್ಯಾಟಿನ್ನಿನ 'ಕಡಲ ಇಬ್ಬನಿ' ಅನ್ನುವ ಮಾತಿನಿಂದ ಬಂದದ್ದು. ಹಾಗಂತ ಅಜ್ಜಿಯರಾದ ರೋಸ್ ಮತ್ತು ಮೇರಿ ಇಬ್ಬರನ್ನೂ ನೆನೆದು ಮಗಳಿಗೆ ಆ ಹೆಸರಿಟ್ಟರೆ ಅದು ಸುಳ್ಳಾಗುತ್ತದಾ? ನನಗೆ ಹಾಗನ್ನಿಸುವುದಿಲ್ಲ. ಆ ಮನೆಯ ಮಟ್ಟಿಗೆ ಅದು ಬೆಸೆದ ಹೆಸರೇ.

ಮನೆಯಲ್ಲಿ ಕರೆಯುವಾಗ ಬೆಸುಗೆ ಮತ್ತೆ ಬಿಚ್ಚಿಕೊಳ್ಳುವುದೂ ಉಂಟು. ಜರ್ಮನ್, ಡಚ್ ಭಾಷೆಗಳಲ್ಲಿ ಆನಾ ಮತ್ತು ಎಲಿಜಬೆತ್ ಸೇರಿ ಆದ ಹಳೆಯ ಹೆಸರು ಆನೆಲೀಸ್. ಫ್ರಾಂಕ್‌ಫರ್ಟಿನಲ್ಲಿ 1929ರ ಜೂನ್ 12ರಂದು ಹುಟ್ಟಿದ ಒಂದು ಹುಡುಗಿಗೆ ಆನೆಲೀಸ್ ಮರೀ ಅಂತ ಹೆಸರಿಟ್ಟಿದ್ದರು. ಲೋಕಕ್ಕೆಲ್ಲ ಅವಳು ಗೊತ್ತಿರುವುದು ಆ್ಯನ್ ಫ್ರಾಂಕ್ ಅಂತ. ಬೆಸೆದ ಹೆಸರಿನ ಮೊದಲ ಅರ್ಧ ಮಾತ್ರ ಉಳಿಯಿತು, ಎಲಿಜಬೆತ್‌ಳ ಪಾಲು ಜನ್ಮದಾಖಲೆಯಲ್ಲೇ ಕೂತಿದೆ.

ಇನ್ನು ನಾರ್ಮಾ ಜೀನ್. 1946ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯ ಬೆನ್ ಲಯನ್ ಅವಳಿಗೆ ಹೊಸ ಹೆಸರು ಹುಡುಕುತ್ತಿದ್ದ. ಆತ ಮೊದಲು ತಾನೇ ನಟನಾಗಿದ್ದವನು. ಅವಳನ್ನು ನೋಡಿದಾಗ ಆತನಿಗೆ ಮೆರಿಲಿನ್ ಮಿಲ್ಲರ್ ನೆನಪಾದಳು. ಮಿಲ್ಲರ್ ಅಷ್ಟರಲ್ಲಿ ತೀರಿಕೊಂಡು 10 ವರ್ಷವಾಗಿತ್ತು, 1936ರಲ್ಲಿ, ಬರಿಯ 37ನೇ ವಯಸ್ಸಿಗೆ. ಮೆರಿಲಿನ್ ಆತ ಕೊಟ್ಟದ್ದು. ಮನ್ರೋ ನಾರ್ಮಾ ಜೀನ್‌ಳ ಅಮ್ಮ ಗ್ಲಾಡಿಸ್‌ಳ ತವರಿನ ಹೆಸರು.

ಆಮೇಲೆ ಹೆಸರು ಎಷ್ಟು ದೊಡ್ಡದಾಯಿತು ಅಂದರೆ ಮನ್ರೋ ಅಂತ ಸೇರಿಸುವ ಅಗತ್ಯವೇ ಉಳಿಯಲಿಲ್ಲ. ಆ್ಯಂಡಿ ವಾರ್ಹಾಲ್ 1964ರಲ್ಲಿ ಮಾಡಿದ ಆಕೆಯ ಒಂದು ಚಿತ್ರ 2022ರಲ್ಲಿ ಹರಾಜಿಗೆ ಬಂದು 19.5 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಚಿತ್ರದ ಹೆಸರಿನಲ್ಲಿ ಇರುವುದು ಮೆರಿಲಿನ್ ಮಾತ್ರ.

1956ರ ಶುರುವಿನಲ್ಲಿ ಆಕೆ ಕಾನೂನಿನ ಪ್ರಕಾರವೂ ಮೆರಿಲಿನ್ ಮನ್ರೋ ಆದಳು. ಅದೇ ವರ್ಷ ಜೂನ್ 29ರಂದು ನಾಟಕಕಾರ ಆರ್ಥರ್ ಮಿಲ್ಲರ್ ಜೊತೆ ಮದುವೆಯಾಯಿತು. ಹೆಸರು ಮೊದಲು ಯಾರದ್ದಾಗಿತ್ತೋ ಅವಳ ಪೂರ್ತಿ ಹೆಸರೇ ಈಗ ಇವಳದ್ದೂ ಆಯಿತು, ಮೆರಿಲಿನ್ ಮಿಲ್ಲರ್.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಗ್ಲಾಡಿಸ್‌ಗೆ ಮನಸ್ಸಿನ ಕಾಯಿಲೆ ಇತ್ತು, ವರ್ಷಗಟ್ಟಲೆ ಆಸ್ಪತ್ರೆಗಳಲ್ಲೇ ಇದ್ದಳು. ನಾರ್ಮಾ ಜೀನ್ ಬೆಳೆದದ್ದು ಬೇರೆಯವರ ಮನೆಗಳಲ್ಲಿ, ಸ್ವಲ್ಪ ಕಾಲ ಅನಾಥಾಶ್ರಮದಲ್ಲಿ. ಆ ಹುಡುಗಿಗೆ ಸಿಕ್ಕ ಹೊಸ ಹೆಸರಿನಲ್ಲಿ ಲಿನ್ ಇದ್ದದ್ದು, ಎಲ್ಲೋ ಇಂಡಿಯಾನಾದಲ್ಲಿ ಹುಟ್ಟಿದ ಒಬ್ಬ ಮಗಳು ತನ್ನ ಅಮ್ಮನನ್ನು ಜೊತೆಗಿಟ್ಟುಕೊಂಡಿದ್ದರಿಂದ. ಮನ್ರೋ ಇದ್ದದ್ದು ಅವಳ ಸ್ವಂತ ಅಮ್ಮನಿಂದ.